ಅಜ್ಜನ ಮದಕ ಮತ್ತೆ ತುಂಬಬೇಕು: ದೇಣಿಗೆ ಮನವಿ

ಪ್ರಿಯ ಹಳೆ ವಿದ್ಯಾರ್ಥಿಗಳೇ, ಊರ ಪರವೂರ ಬಂಧುಗಳೇ,

ಗುಡ್ಡೆಯ ತುದಿಯಲ್ಲಿ ಮಳೆನೀರು ಹಿಡಿದಿಡುವ ಕೆರೆಯಂತಹ ನಮ್ಮ ಮದಕವನ್ನು ಸರಿಪಡಿಸಲು ಈ ಮನವಿ. ನಮ್ಮ ಶಾಲೆಯ ಹಿಂದಿನ ಗುಡ್ಡೆಯಿಂದ ಅಡಕೆ ಹಾಳೆಯೊಂದನ್ನು ಎರಡೂ ಕೈಗಳಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಇಳಿದು ಬರುತ್ತಿದ್ದ ಮುಟ್ಟಾಳೆಯ (ಹಾಳೆ ಟೋಪಿಯ) ಅಜ್ಜನನ್ನು ನೀವು ಮರೆತಿರಲಾರಿರಿ. ಕಳೆದ ಮಳೆಗಾಲದ ಕೊನೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ತನ್ನ ಹೆಸರಿನ ಕಲ್ಲು, ಫಲಕ ಯಾವುದೂ ಬೇಡವೆಂದು ಅವರೇ ಮಕ್ಕಳಿಗೆ ಹೇಳಿದ್ದರು. ಆ ಮಾತನ್ನು ಮೀರಲು ಮನೆಯವರಿಗೆ ಮನಸ್ಸಿಲ್ಲ, ನಮಗೂ ಇಲ್ಲ. ಊರಿನಲ್ಲಿ ಅಜ್ಜ ಎಂದರೆ ಅವರೇ ಎಂಬುದು ನಿಮಗೆಲ್ಲ ಗೊತ್ತಿದೆ.

ಆದರೆ ಆ ಹಾಳೆಯಲ್ಲಿ ಏನಿರುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಅಜ್ಜಿ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರು. ಮದುವೆಯಾಗಿ ಬಂದಂದಿನಿಂದ ದನಗಳನ್ನು ಅಟ್ಟಿಕೊಂಡು ದಿನವೂ ಗುಡ್ಡೆ ಹತ್ತುತ್ತಿದ್ದವರಿಗೆ, ಕಾಲು ಸೋತ ಮೇಲೆ ಕಿಟಕಿಯಿಂದ ಕಾಣುತ್ತಿದ್ದುದು ಹಟ್ಟಿಯ ಮಾಡು ಮಾತ್ರ. ಅಜ್ಜ ಬೆಳಗ್ಗೆ ಅವರ ಮುಖ ತೊಳೆಸಿ, ಗಂಜಿ ಉಣಿಸಿ, ತೋಟಕ್ಕೆ ನೀರು ಬಿಟ್ಟು ಗುಡ್ಡೆಗೆ ಹೋಗುತ್ತಿದ್ದರು. ಅಲ್ಲಿ ಆ ದಿನ ಏನು ಅರಳಿದೆಯೋ, ಏನು ಹಣ್ಣಾಗಿದೆಯೋ ಅದನ್ನು ಹಾಳೆಯಲ್ಲಿಟ್ಟು ತರುತ್ತಿದ್ದರು. ಮೇ ತಿಂಗಳಿನಲ್ಲಿ ಕುಂಟಲ ಹಣ್ಣು, ಪುನರ್ಪುಳಿ. ರೆಂಜೆ ಹೂ ಉದುರುವ ಕಾಲದಲ್ಲಿ ಅದನ್ನು ಬಾಳೆನಾರಿನಲ್ಲಿ ಪೋಣಿಸಿ ಮಂಚದ ಬದಿಯ ಮೊಳೆಗೆ ತೂಗಿಸುತ್ತಿದ್ದರು. ಒಣಗಿದರೂ ಪರಿಮಳ ಬಿಡದ ಹೂವದು. ಔಷಧದ ವಾಸನೆ ತುಂಬಿದ ಕೋಣೆಗೆ ಅದಕ್ಕಿಂತ ಒಳ್ಳೆಯದು ಬೇರೆ ಏನಿದೆ?

ನಾಲ್ಕನೇ ತರಗತಿಯಲ್ಲಿದ್ದಾಗ ಒಮ್ಮೆ ಆ ಹಾಳೆ ಹೊರುವ ಭಾಗ್ಯ ನನಗೆ ಸಿಕ್ಕಿತ್ತು. ಆಗಸ್ಟ್ ತಿಂಗಳು. ಪದವಿನ, ಅಂದರೆ ಗುಡ್ಡೆಯ ಮೇಲಿನ ಕೆಂಪುಕಲ್ಲಿನ ಬಯಲಿನ, ಮೇಲೆ ಅರಳಿದ ನೀಲಿ ಹೂಗಳನ್ನು ಬುಡದ ಮಣ್ಣಿನ ಸಮೇತ ಎತ್ತಿ, ಹಾಳೆಯಲ್ಲಿ ಒಂದಿಷ್ಟು ನೀರು ನಿಲ್ಲಿಸಿ ಕೊಟ್ಟರು. ನೀರು ಚೆಲ್ಲದಂತೆ ಹಾಳೆಯನ್ನೇ ನೋಡುತ್ತಾ ನಡೆದೆ. "ಹಾಳೆ ನೋಡಬೇಡ ಮಗೂ, ದಾರಿ ನೋಡು. ನೀರು ತಾನಾಗಿ ನಿಲ್ಲುತ್ತದೆ" ಎಂದರು. ಮನೆಗೆ ಬಂದಾಗ ಅಜ್ಜಿ ಹೂವನ್ನು ಬೆರಳ ತುದಿಯಿಂದ ಮುಟ್ಟಿ, "ಇದು ಮದಕದ ಪಡುದಿಕ್ಕಿನದಲ್ಲವೇ? ಅಲ್ಲಿಯದಕ್ಕೇ ಇಷ್ಟು ಕಡು ಬಣ್ಣ" ಎಂದರು. ಅಜ್ಜ ಹೌದೆಂದು ತಲೆಯಾಡಿಸಿ, ಮುಟ್ಟಾಳೆ ತೆಗೆದು ಮಂಚದ ಕೆಳಗೆ ಕುಳಿತರು. ಗುಡ್ಡೆಯ ಸುದ್ದಿಯೆಲ್ಲ ಒಂದೊಂದಾಗಿ ಶುರುವಾಯಿತು. ಮಂಗಟ್ಟೆ ಹಕ್ಕಿ ಯಾವ ಮರದಲ್ಲಿ ಕುಳಿತಿತ್ತು, ಯಾವ ಮಾವಿಗೆ ಸಿಡಿಲು ಬಡಿಯಿತು, ಮದಕದಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಬಂತು, ಎಲ್ಲವೂ.

ಪದವು ಎಂದರೆ ಬಂಜರು ನೆಲವೆಂದೇ ತಿಳಿದವರು ಹೆಚ್ಚು. ಮಳೆ ಬಿದ್ದ ಮೇಲೆ ಆ ಕೆಂಪುಕಲ್ಲಿನ ಹಾಸಿನ ಮೇಲೆ ಮೊಣಕಾಲೂರಿ ನೋಡಿದವರು ಹಾಗೆ ಹೇಳಲಾರರು. ಆ ನೀಲಿ ಹೂವಿನ ಗಿಡಕ್ಕೆ ಕಲ್ಲಿನಲ್ಲಿ ಸಾರ ಸಿಗುವುದಿಲ್ಲ. ಆದ್ದರಿಂದ ಬುಡದ ಎಳೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿಂದ ನೀರಿನ ಕ್ರಿಮಿಗಳನ್ನು ಹಿಡಿದು ತಿಂದು ಬದುಕುತ್ತದೆ. ಇದನ್ನು ನಮಗೆ ಮೊದಲು ತೋರಿಸಿದವರು ಅಜ್ಜ. ಏಳನೆಯ ತರಗತಿಯ ಪಾಠದಲ್ಲಿ ಕೀಟಾಹಾರಿ ಸಸ್ಯಗಳು ಬಂದಾಗ ನಮ್ಮ ಊರಿನ ಮಕ್ಕಳಿಗೆ ಚಿತ್ರ ನೋಡಬೇಕಾಗಿರಲಿಲ್ಲ. ಕಾಸರಗೋಡು ಎಂಬ ಹೆಸರು ಕಾಸರಕ ಮರದಿಂದ ಬಂತೆಂದು ಹಿರಿಯರು ಹೇಳುವುದುಂಟು. ಆ ಮರ ಯಾವುದೆಂದು ಕೇಳಿದ ಮಕ್ಕಳನ್ನು ಕರೆದುಕೊಂಡು ಹೋಗಿ, ಕಹಿ ಎಲೆಯನ್ನು ಹಲ್ಲಿಗೆ ತಾಗಿಸಬೇಡಿರೆಂದು ಎಚ್ಚರಿಸಿ ತೋರಿಸಿದವರೂ ಅವರೇ.

ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ವರ್ಷಗಳನ್ನು ಈಗಿನ ಮಕ್ಕಳು ಕಂಡಿಲ್ಲ. ಸದ್ದು ಕೇಳಿದೊಡನೆ ಅಜ್ಜ ಮೊದಲು ತನ್ನ ಮನೆಯ ಬಾವಿಗೆ, ಆಮೇಲೆ ಓಡಿ ಬಂದು ಶಾಲೆಯ ಬಾವಿಗೆ ತೆಂಗಿನ ಮಡಲು, ಹಳೆಯ ಚಾಪೆ ಮುಚ್ಚುತ್ತಿದ್ದರು. 2000ದಲ್ಲಿ ಆ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಷೇಧಿಸಿತು. ಜೇನು ಹಿಂದಿರುಗಿ ರೆಂಜೆ ಮರದಲ್ಲಿ ಕಟ್ಟಿದ ದಿನ ಅಜ್ಜ ತರಗತಿಯ ಬಾಗಿಲಿಗೇ ಬಂದು ಟೀಚರಲ್ಲಿ ಹೇಳಿದ್ದು ನೆನಪಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆದರೂ ಮಾರ್ಚ್ ಬಂದರೆ ಕೊಡ ಹಿಡಿದು ನಿಲ್ಲುತ್ತೇವೆ. ಇಳಿಜಾರಿನ ನೆಲ, ಕಡಲು ಹತ್ತಿರ. ಬಿದ್ದ ನೀರು ನಿಲ್ಲುವುದಿಲ್ಲ. ಇದನ್ನು ತಿಳಿದೇ ನಮ್ಮ ಹಿರಿಯರು ಡಿಸೆಂಬರಿನಲ್ಲಿ ತೋಡಿಗೆ ಕಟ್ಟ (ಒಡ್ಡು) ಕಟ್ಟಿದರು, ಗುಡ್ಡೆಯ ಹೊಟ್ಟೆಗೆ ಮೇಣದ ಬತ್ತಿ ಹಿಡಿದು ನೀರಿಗಾಗಿ ಸುರಂಗ ಕೊರೆದರು, ತುದಿಯಲ್ಲಿ ಮಳೆನೀರು ಹಿಡಿಯುವ ಮದಕ ಮಾಡಿದರು. ಮದಕದಲ್ಲಿ ನಿಂತ ನೀರು ಕೆಂಪುಕಲ್ಲಿನ ಮೂಲಕ ನಿಧಾನವಾಗಿ ಇಳಿದು ಕೆಳಗಿನ ಬಾವಿ, ಸುರಂಗಗಳನ್ನು ಸೇರುತ್ತದೆ. ನಮ್ಮ ಶಾಲೆಯ ಬಾವಿಯ ನೀರು ಆ ಮದಕದ್ದು. ಪ್ರತಿ ಬೇಸಿಗೆಯಲ್ಲಿ ಅಜ್ಜ ಮಕ್ಕಳನ್ನೂ ಅಳಿಯಂದಿರನ್ನೂ ಕರೆಸಿ, ನೆರೆಯವರನ್ನು ಸೇರಿಸಿ ಅದರ ಹೂಳು ತೆಗೆಸುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಜ್ಜನ ಮನೆಗೆ ಬಂದ ಮೊಮ್ಮಕ್ಕಳೂ ಬುಟ್ಟಿ ಹೊರಬೇಕಿತ್ತು. ಹೊತ್ತವರಿಗೆ ಹಲಸಿನ ಹಣ್ಣಿನ ಗೆಣಸಲೆ.

ಅಜ್ಜಿ ಹೋದ ಮೇಲೂ ಅವರು ಗುಡ್ಡೆಗೆ ಹೋಗುವುದನ್ನು ಬಿಡಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಮಾತ್ರ ನಿಂತಿತು. ಮದಕದ ಹೂಳು ತೆಗೆಸಲು ಬೇರೆ ಯಾರೂ ಮುಂದೆ ಬರಲಿಲ್ಲ, ಅದು ನಮ್ಮೆಲ್ಲರ ತಪ್ಪು. ಹೂಳು ತುಂಬಿತು, ಎರಡು ಮಳೆಗಾಲದ ಹಿಂದೆ ದಂಡೆಯೂ ಒಡೆಯಿತು. ಕಳೆದ ಬೇಸಿಗೆಯಲ್ಲಿ ಪರೀಕ್ಷೆಯ ಸಮಯಕ್ಕೆ ಶಾಲೆಯ ಬಾವಿ ತಳ ಕಂಡಿತು; ಮಧ್ಯಾಹ್ನದ ಊಟಕ್ಕೆ ಟ್ಯಾಂಕರ್ ನೀರು ತರಿಸಬೇಕಾಯಿತು. ನಮ್ಮದು ಅನುದಾನಿತ ಕನ್ನಡ ಶಾಲೆ. ಅಧ್ಯಾಪಕರ ಸಂಬಳ ಸರಕಾರ ಕೊಡುತ್ತದೆ; ಮದಕದಂತಹ ಕೆಲಸಕ್ಕೆ ನಾವೇ ಕೂಡಿಸಬೇಕು.

ಒಟ್ಟು ಖರ್ಚು 3,75,000 ರೂಪಾಯಿ ಎಂದು ಲೆಕ್ಕ ಹಾಕಿದ್ದೇವೆ. ಹೂಳು ತೆಗೆಯಲು 1,40,000, ದಂಡೆಯನ್ನು ಕೆಂಪುಕಲ್ಲಿನಲ್ಲಿ ಕಟ್ಟಲು 1,60,000, ಕೆಳಗಿನ ಇಳಿಜಾರಿನಲ್ಲಿ ಸಸಿ ನೆಟ್ಟು ಮೂರು ವರ್ಷ ಕಾಯಲು 75,000. ಅಜ್ಜನ ಮಕ್ಕಳು ಬೊಜ್ಜದ (ಉತ್ತರಕ್ರಿಯೆಯ) ಖರ್ಚನ್ನು ಸರಳಗೊಳಿಸಿ ಉಳಿಸಿದ 60,000 ರೂಪಾಯಿಯನ್ನು ಆಗಲೇ ಶಾಲೆಗೆ ತಲುಪಿಸಿದ್ದಾರೆ. ಉಳಿದ 3,15,000ಕ್ಕೆ ನಿಮ್ಮ ಮುಂದೆ ಕೈ ಚಾಚಿದ್ದೇವೆ. 500 ರೂಪಾಯಿ ಒಂದು ಸಸಿಯನ್ನು ನೆಟ್ಟು ಸಾಕುತ್ತದೆ. ಹತ್ತು ರೂಪಾಯಿ ಕೊಟ್ಟರೂ ರಶೀದಿ ಕೊಡುತ್ತೇವೆ, ಲೆಕ್ಕವನ್ನು ಶಾಲೆಯ ಜಗಲಿಯಲ್ಲಿ ಅಂಟಿಸುತ್ತೇವೆ.

ಜೆಸಿಬಿ ಇಳಿಸಿ ಎರಡು ದಿನದಲ್ಲಿ ಮುಗಿಸಿ ಎಂದು ಕೆಲವರು ಹೇಳಿದರು. ಭಾರದ ಯಂತ್ರ ಮದಕದ ತಳದ ಕಲ್ಲನ್ನು ಒಡೆದರೆ ನೀರು ನಿಲ್ಲುವುದಿಲ್ಲವೆಂದು ಅಜ್ಜ ಹೆದರುತ್ತಿದ್ದರು. ಆದ್ದರಿಂದ ಹಾರೆ, ಪಿಕ್ಕಾಸಿನಲ್ಲೇ ಕೆಲಸ. ಸಸಿಗಳಲ್ಲಿ ಅಕೇಶಿಯಾ ಒಂದೂ ಇರುವುದಿಲ್ಲ. ಪುನರ್ಪುಳಿ, ಹೆಬ್ಬಲಸು, ನೇರಳೆ, ಕಾಟುಮಾವು, ರೆಂಜೆ ಮತ್ತು ಒಂದೆರಡು ಕಾಸರಕ. ಪದವಿನ ಬಯಲಿನಲ್ಲಿ ಯಾವ ಮರವನ್ನೂ ನೆಡುವುದಿಲ್ಲ. ಅಲ್ಲಿ ನೆರಳು ಬಿದ್ದರೆ ನೀಲಿ ಹೂ ಅರಳುವುದಿಲ್ಲ, ಅಜ್ಜಿಗೆ ತಂದುಕೊಡುತ್ತಿದ್ದ ಆ ಹೂವನ್ನು ಅಳಿಸಿ ಅಜ್ಜನ ನೆನಪು ಮಾಡುವುದರಲ್ಲಿ ಅರ್ಥವಿಲ್ಲ.

ದೇಣಿಗೆಯನ್ನು ಶಾಲಾ ಕಚೇರಿಯಲ್ಲಿ ಮುಖ್ಯೋಪಾಧ್ಯಾಯಿನಿಯವರಿಗೆ ಕೊಡಬಹುದು. ಪರವೂರಿನಲ್ಲಿರುವವರು ನಿಮ್ಮ ತರಗತಿಯ ಯಾವ ಗೆಳೆಯರ ಮೂಲಕವಾದರೂ ತಲುಪಿಸಿರಿ. ಹಣ ಕೊಡಲಾಗದವರು ಒಂದು ದಿನದ ದುಡಿಮೆ ಕೊಡಿರಿ. ಏಪ್ರಿಲ್ ತಿಂಗಳ ಎಲ್ಲಾ ಭಾನುವಾರ ಬೆಳಗ್ಗೆ ಏಳಕ್ಕೆ ಕೆಲಸ ಶುರು. ಮುಟ್ಟಾಳೆ ಇದ್ದವರು ತನ್ನಿರಿ, ಬಿಸಿಲು ಜೋರು. ಮಧ್ಯಾಹ್ನ ಕುಚ್ಚಿಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಶಾಲೆಯಲ್ಲಿ. ಗೆಣಸಲೆಯನ್ನು ಅಜ್ಜನ ದೊಡ್ಡ ಸೊಸೆ ಮಾಡಿ ಕಳುಹಿಸುವುದಾಗಿ ಹೇಳಿದ್ದಾರೆ.

ಹಳೆ ವಿದ್ಯಾರ್ಥಿಗಳು ಹಾಗೂ ರಕ್ಷಕ-ಶಿಕ್ಷಕ ಸಂಘದ ಪರವಾಗಿ