ಹಸಿರು ಗೆರೆಗೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಅಪ್‌ಡೇಟ್ ಮಾಡಿದ ಮೇಲೆ ಮೊಬೈಲ್ ಪರದೆಯಲ್ಲಿ ಹಸಿರು ಗೆರೆ ಮೂಡುತ್ತಿರುವ ಬಗ್ಗೆ ಭಾನುವಾರ ಬಂದ ನಿಮ್ಮ ವರದಿ ಓದಿದೆ. ಬರೆದದ್ದು ಕಡಿಮೆಯೇ ಆಯಿತು. ವರದಿಯಲ್ಲಿದ್ದ ಹಾಸನದ ಅದೇ ಸೇವಾ ಕೇಂದ್ರದಿಂದ ನಿನ್ನೆ ನಾನೂ ಬರಿಗೈಯಲ್ಲಿ ಅರಸೀಕೆರೆಗೆ ಮರಳಿದ್ದೇನೆ.

ನನ್ನ ಫೋನ್ ಕೊಂಡು ಹದಿನಾರು ತಿಂಗಳಾಗಿದೆ. ಒಮ್ಮೆಯೂ ಕೆಳಗೆ ಬಿದ್ದಿಲ್ಲ, ನೀರು ತಾಗಿಲ್ಲ. ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ದಾರ ಎಳೆದಂತೆ ಒಂದು ಹಸಿರು ಗೆರೆ. ಸಂಜೆಗೆ ಅದು ಮೂರಾಯಿತು. ಮರುದಿನ ಅರ್ಧ ಪರದೆ ಬೆಳ್ಳಗಾಯಿತು. ಈ ಫೋನ್ ತಯಾರಿಸಿದ ಕಂಪನಿಗೆ ನಮ್ಮ ಊರಿನಲ್ಲಿ ಸೇವಾ ಕೇಂದ್ರವಿಲ್ಲ. ಅಂಗಡಿಗೆ ಬೀಗ ಹಾಕಿ ಮೂರು ಸಲ ಹಾಸನಕ್ಕೆ ಹೋದೆ. ಮೊದಲ ದಿನ ಟೋಕನ್ ಮುಗಿದಿತ್ತು. ಎರಡನೆಯ ದಿನ ಬಿಡಿಭಾಗ ಬಂದಿರಲಿಲ್ಲ. ಮೂರನೆಯ ದಿನ ವಾರಂಟಿ ಮುಗಿದಿದೆ, ಪರದೆಗೆ ಒಂಬತ್ತು ಸಾವಿರದ ಇನ್ನೂರು ರೂಪಾಯಿ ಕೊಡಿ ಎಂದರು. ಫೋನ್ ಕೊಂಡದ್ದೇ ಹತ್ತೊಂಬತ್ತು ಸಾವಿರಕ್ಕೆ! ಅಪ್‌ಡೇಟ್‌ಗೂ ಇದಕ್ಕೂ ಸಂಬಂಧವಿಲ್ಲ, ಇದು ಹಾರ್ಡ್‌ವೇರ್ ದೋಷ ಎಂದು ಬೇರೆ ಹೇಳಿದರು. ಹಾರ್ಡ್‌ವೇರ್ ತಯಾರಿಸಿದವನು ನಾನೇ?

ಗಿರಾಕಿಗಳು ಕಳಿಸಿದ ಹಣ ಬಂತೋ ಇಲ್ಲವೋ ತಿಳಿಯದೆ ಮತ್ತೆ ಸಾಲದ ಪುಸ್ತಕ ತೆರೆದಿದ್ದೇನೆ. ಒಟಿಪಿ ಹೇಳಲಾಗದೆ ಸಿಲಿಂಡರ್ ಹಿಂದಿರುಗಿತು. ಸಂಜೆ ಯೂಟ್ಯೂಬ್‌ನಲ್ಲಿ ಪ್ರವಚನ ಕೇಳುತ್ತಿದ್ದ ನಮ್ಮ ತಾಯಿ, ಫೋನ್ ಯಾವಾಗ ಬರುತ್ತದೆ ಎಂದು ದಿನವೂ ಕೇಳುತ್ತಾರೆ. ಗ್ರಾಹಕರ ದೂರಿಗಾಗಿ ಇರುವ 1915 ಸಹಾಯವಾಣಿಗೆ ದೂರು ಕೊಡಿ ಎಂದು ಸಲಹೆ ಕೊಡುವವರು, ಕರೆ ಮಾಡಲು ಫೋನನ್ನೂ ಕೊಡಬೇಕು.

ಪರಿಹಾರ ಅಸಾಧ್ಯವೇನಲ್ಲ. ಹಸಿರು ಗೆರೆಯ ದೂರುಗಳು ಹೆಚ್ಚಿದಾಗ ಒನ್‌ಪ್ಲಸ್ ಎಂಬ ಮೊಬೈಲ್ ಕಂಪನಿ 2024ರ ಕೊನೆಯಲ್ಲಿ ಭಾರತದಲ್ಲಿ ಈ ದೋಷಕ್ಕೆ ಜೀವಿತಾವಧಿ ವಾರಂಟಿ ಘೋಷಿಸಿತು. ಉಳಿದವರಿಗೇಕೆ ಆಗದು? ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ. ಒಂದು ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಅದರ ಮುಖ್ಯ ಬಿಡಿಭಾಗ ಸಿಗಲೇಬೇಕು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿಗಾಗಿ ಕೇಂದ್ರ ಸರ್ಕಾರದ ಜಾಲತಾಣ ಬಂತು. ಯಾವ ಫೋನನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಅದೇ ಸರ್ಕಾರದ ಸಮಿತಿಯೂ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ವರದಿ ಓದಿಕೊಂಡು ಪರದೆ ಸರಿಯಾಗುವುದಿಲ್ಲ.

ಅಧಿಕಾರಿಗಳದ್ದೂ ಇದೇ ಕಥೆ. ಎಲ್ಲವನ್ನೂ ಮೊಬೈಲ್‌ನಲ್ಲೇ ಮಾಡಿಕೊಳ್ಳಿ ಎನ್ನುತ್ತಾರೆ, ಮೊಬೈಲ್ ಕೆಟ್ಟರೆ ಮುಖ ತಿರುಗಿಸುತ್ತಾರೆ. ಆಸ್ತಿಯ ಇ-ಖಾತೆಗಾಗಿ ಹೋದ ವರ್ಷ ಒಂದು ಕಚೇರಿಗೆ ಆರು ಬಾರಿ ಅಲೆದೆ. ಸರ್ವರ್ ಇಲ್ಲ ಎಂಬುದೊಂದೇ ಉತ್ತರ. ನಮ್ಮ ಬೀದಿಯ ದೀಪ ಕೆಟ್ಟು ಎಂಟು ತಿಂಗಳಾಯಿತು, ಅದಕ್ಕೂ ಆ್ಯಪ್‌ನಲ್ಲಿಯೇ ದೂರು ಕೊಡಬೇಕಂತೆ!

ಕಂಪನಿಯು ಪರದೆಯನ್ನು ಉಚಿತವಾಗಿ ಬದಲಿಸಿಕೊಡಬೇಕು, ಇಲ್ಲವೇ ಈ ಫೋನಿನ ಮಾರಾಟವನ್ನೇ ಸರ್ಕಾರ ನಿಲ್ಲಿಸಬೇಕು. ತಾಲ್ಲೂಕಿಗೊಂದು ಸೇವಾ ಕೇಂದ್ರ ಕಡ್ಡಾಯವಾಗಲಿ. ಜಿಲ್ಲಾಧಿಕಾರಿಗಳು ಒಂದು ದಿನ ಹೇಳದೆ ಕೇಳದೆ ಬಂದು ಆ ಕೇಂದ್ರದ ಸಾಲಿನಲ್ಲಿ ನಿಂತು ನೋಡಲಿ. ಸಂಬಂಧಪಟ್ಟವರಿಗೆ ಸ್ವಲ್ಪವಾದರೂ ನಾಚಿಕೆ ಇರಬೇಕು.

– ನೊಂದ ಕಿರಾಣಿ ವ್ಯಾಪಾರಿ, ಅರಸೀಕೆರೆ