ಪೈಪಿಗೆ ರಸ್ತೆ ಬೇಡ, ಅಡಿಕೆಗೆ ಬೇಕು

ಸುರೇಶ,

ಚಿನ್ನ ಇದೆ, ತಾಮ್ರ ಇದೆ, ಗ್ಯಾಸ್ ಇದೆ, ಜನ ನೋಡಿದರೆ ಹೆಚ್ಚುಕಮ್ಮಿ ಒಂದು ಕೋಟಿ ಅಷ್ಟೇ, ಮತ್ತೆ ಪಪುವಾ ನ್ಯೂಗಿನಿ ಯಾಕೆ ಇನ್ನೂ ಬಡದೇಶ, ಎಲ್ಲಾ ನುಂಗಿ ನೀರು ಕುಡಿದರಾ ಅಂತ ಕೇಳಿದ್ದೀಯಲ್ಲ. ಎರಡು ಸಾಲಿನ ಮೆಸೇಜಲ್ಲಿ ಹೇಳಿ ಮುಗಿಸೋಣ ಅಂದುಕೊಂಡೆ. ಆಗಲಿಲ್ಲ. ನಮ್ಮವರು ಸುಮಾರು ಜನ ಇದನ್ನೇ ಕೇಳುತ್ತಿರುತ್ತಾರೆ, ಅದಕ್ಕೆ ಎಲ್ಲರೂ ಓದುವ ಹಾಗೆ ಪತ್ರವಾಗಿಯೇ ಬರೆಯುತ್ತಿದ್ದೇನೆ.

ನುಂಗಿದವರು ಇಲ್ಲ ಅಂತಲ್ಲ, ಬೇಕಾದಷ್ಟು ಜನ ಇದ್ದಾರೆ. ಆದರೆ ನಾನು ಲೆಕ್ಕಪತ್ರದವನು, ಇಲ್ಲಿನ ರಾಜಧಾನಿ ಪೋರ್ಟ್ ಮೊರೆಸ್ಬಿಯಲ್ಲಿ ಒಂದು ಹೋಲ್‌ಸೇಲ್ ವ್ಯಾಪಾರದ ಬಿಲ್ಲು ನೋಡಿಕೊಂಡು ಕೂತವನು. ನನಗೆ ಕಾಣುವುದೇನು ಅಂದರೆ, ಒಂದು ಪೈಸೆ ಕದಿಯದೆ, ಕಾಗದಪತ್ರ ಎಲ್ಲಾ ನೆಟ್ಟಗಿದ್ದೂ, ದುಡ್ಡು ಊರವರ ಕೈಗೆ ಸಿಗದೆ ಹೋಗಬಹುದು.

ಗ್ಯಾಸ್‌ನದ್ದೇ ನೋಡು. ಹೇಲಾ ಪ್ರಾಂತ್ಯದ ಹೈಡ್ಸ್ ಅನ್ನುವ ಕಡೆ, ಬೆಟ್ಟದ ಮೇಲೆ ಬಾವಿಗಳಿವೆ. ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್ ಮತ್ತು ಅದರ ಪಾಲುದಾರರು ಸುಮಾರು 1900 ಕೋಟಿ ಡಾಲರ್ ಸುರಿದರು. 700 ಕಿಲೋಮೀಟರ್ ಪೈಪ್ ಎಳೆದು, ಬೆಟ್ಟ ಇಳಿಸಿ, ಸಮುದ್ರದ ತಳದಲ್ಲಿ ಹಾಯಿಸಿ, ಮೊರೆಸ್ಬಿ ಪಕ್ಕದ ಸ್ಥಾವರಕ್ಕೆ ತಂದರು. ಅಲ್ಲಿ ಅದನ್ನು ತಣಿಸಿ ದ್ರವ ಮಾಡಿ ಹಡಗಿಗೆ ತುಂಬುತ್ತಾರೆ. ಜಪಾನ್, ಚೀನಾ, ತೈವಾನ್ ಕಡೆ ಹೋಗುತ್ತದೆ. ಮೊದಲ ಹಡಗು ಹೋದದ್ದು 2014ರ ಮೇ ತಿಂಗಳಲ್ಲಿ. ಕಟ್ಟುವಾಗ ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತ್ತು. ಕಟ್ಟಿ ಮುಗಿದ ಮೇಲೆ ನೋಡಿಕೊಳ್ಳಲಿಕ್ಕೆ ಅಷ್ಟು ಜನ ಯಾಕೆ ಬೇಕು? ಗ್ಯಾಸ್ ತನ್ನ ಪಾಡಿಗೆ ತಾನು ಹರಿದು ಹೋಗುತ್ತದೆ. ಮಧ್ಯದ ಹಳ್ಳಿಯಲ್ಲಿ ನಿಲ್ಲುವುದಿಲ್ಲ, ಯಾರ ಹೋಟೆಲಿನಲ್ಲೂ ಟೀ ಕುಡಿಯುವುದಿಲ್ಲ, ಯಾರ ಲಾರಿಗೂ ಬಾಡಿಗೆ ಕೊಡುವುದಿಲ್ಲ. ಹಡಗಿನ ಮೇಲೆ ಹಡಗು ಹೋಗುತ್ತಿದ್ದ 2018ರಲ್ಲೂ ಈ ದೇಶದಲ್ಲಿ ಕರೆಂಟ್ ಇದ್ದದ್ದು 100ರಲ್ಲಿ 13 ಜನಕ್ಕೆ.

ಸರ್ಕಾರಕ್ಕೆ ಪಾಲಿಲ್ವಾ ಅಂತ ಕೇಳುತ್ತೀಯ. ಇದೆ. ಆದರೆ ಪಾಲಿಗೆ ಹಾಕಲು ದುಡ್ಡಿರಲಿಲ್ಲ. ಹಾಗಾಗಿ 2009ರಲ್ಲಿ ಇದೇ ಯೋಜನೆಯ ಪಾಲುದಾರರಲ್ಲೊಂದಾದ ಆಯಿಲ್ ಸರ್ಚ್ ಕಂಪನಿಯ ತನ್ನ ಕೈಲಿದ್ದ ಷೇರುಗಳನ್ನು ಅಬುಧಾಬಿಯ ಸರ್ಕಾರಿ ಹೂಡಿಕೆ ಕಂಪನಿಯ ಹತ್ತಿರ ಒತ್ತೆ ಇಟ್ಟ ಹಾಗೆ ಮಾಡಿ ಹಣ ತಂದಿತು. 2014ರಲ್ಲಿ ಅವರು ಷೇರುಗಳನ್ನೇ ತಗೊಂಡರು. ಆಗ ಪ್ರಧಾನಿ ಪೀಟರ್ ಓನೀಲ್ ಅವರ ಸರ್ಕಾರ ಯುಬಿಎಸ್ ಬ್ಯಾಂಕಿನಿಂದ ಸುಮಾರು 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲ ಎತ್ತಿ ಅದೇ ಕಂಪನಿಯ ಷೇರುಗಳನ್ನು ಮತ್ತೆ ಕೊಂಡಿತು. ಕೊಂಡ ವರ್ಷವೇ ಕಚ್ಚಾತೈಲದ ಬೆಲೆ ಬಿದ್ದು ಷೇರಿನ ಬೆಲೆಯನ್ನೂ ಎಳೆದುಕೊಂಡು ಹೋಯಿತು, 2017ರಲ್ಲಿ ನಷ್ಟಕ್ಕೆ ಮಾರಬೇಕಾಯಿತು. ಆಮೇಲೆ ತನಿಖಾ ಆಯೋಗ, ವಿಚಾರಣೆ ಎಲ್ಲಾ ಆಯಿತು ಬಿಡು. ನಮ್ಮ ಕಡೆ ಬೆಳೆ ಬರುವ ಮೊದಲೇ ಬೆಳೆಯ ಮೇಲೆ ಸಾಲ ಮಾಡಿ ಕೂರುವವರು ಇರುತ್ತಾರಲ್ಲ, ಇಡೀ ದೇಶವೇ ಹಾಗೆ ಮಾಡಿತು.

ಬಾವಿ ಇರುವ ನೆಲದವರ ರಾಯಲ್ಟಿಯದ್ದು ಇನ್ನೊಂದು ರಗಳೆ. ಇಲ್ಲಿ 100ಕ್ಕೆ 97 ಭಾಗ ಭೂಮಿ ಕುಲದ ಆಸ್ತಿ, ಪಹಣಿ ಗಿಹಣಿ ಏನೂ ಇಲ್ಲ. ಯಾವ ಗುಡ್ಡ ಯಾವ ಕುಲದ್ದು, ಆ ಕುಲದಲ್ಲಿ ಯಾರ್ಯಾರು ಅಂತ ಪಟ್ಟಿ ಮುಗಿಸದೆಯೇ ಗ್ಯಾಸ್ ಹೊರಟಿತು. ಹೈಡ್ಸ್ ಕಡೆಯವರ ದುಡ್ಡು ವರ್ಷಗಟ್ಟಲೆ ಟ್ರಸ್ಟ್ ಖಾತೆಯಲ್ಲೇ ಕೂತಿತ್ತು. 2016ರಲ್ಲಿ ಜನ ಹೋಗಿ ಗೇಟಿಗೆ ಬೀಗ ಜಡಿದರು. ನಾನಾಗಿದ್ದರೂ ಜಡಿಯುತ್ತಿದ್ದೆ.

ಯೋಜನೆ ಶುರುವಾಗುವ ಮೊದಲು ಒಂದು ಅಧ್ಯಯನ ಮಾಡಿಸಿದ್ದರು. ದೇಶದ ಜಿಡಿಪಿ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ಮನೆಮಂದಿಯ ಆದಾಯ 100ಕ್ಕೆ 84ರಷ್ಟು ಏರುತ್ತದೆ ಅಂತ ಅದರಲ್ಲಿತ್ತು. 2018ರಲ್ಲಿ ಜುಬಿಲಿ ಆಸ್ಟ್ರೇಲಿಯಾ ಅನ್ನುವ ಸಂಸ್ಥೆ ಕೂತು ಲೆಕ್ಕ ಹಾಕಿದಾಗ ಸಿಕ್ಕಿದ್ದು ಬೇರೆ: ಯೋಜನೆಯೇ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಮನೆಮಂದಿಯ ಆದಾಯ 100ಕ್ಕೆ 6ರಷ್ಟು ಕಡಿಮೆ. ಲೆಕ್ಕ ಹಾಕುವ ರೀತಿಯ ಬಗ್ಗೆ ತಕರಾರು ತೆಗೆಯಬಹುದು. ಆದರೆ 84 ಎಲ್ಲಿ, 6 ಕಮ್ಮಿ ಎಲ್ಲಿ! ಅದೇ ವರ್ಷ ಮೊರೆಸ್ಬಿಯಲ್ಲಿ ಏಪೆಕ್ ಅನ್ನುವ ಏಷ್ಯಾ-ಪೆಸಿಫಿಕ್ ದೇಶಗಳ ಕೂಟದ ಶೃಂಗಸಭೆ ನಡೆಯಿತು, ಅತಿಥಿಗಳ ಓಡಾಟಕ್ಕೆ ಸರ್ಕಾರ 40 ಮಸೆರಾಟಿ ಐಷಾರಾಮಿ ಕಾರು ತರಿಸಿತು. ಅದೇ ವರ್ಷ, 18 ವರ್ಷ ಇಲ್ಲದ ಪೋಲಿಯೊ ವಾಪಸ್ ಬಂತು. ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧದ ಹತ್ತಿರ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕಾರಿನ ವಿಷಯ ಎಲ್ಲರಿಗೂ ಗೊತ್ತು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ, ಅಡಿಕೆಗೆ.

ಇಲ್ಲಿ ಅಡಿಕೆಗೆ ಬುವಾಯ್ ಅನ್ನುತ್ತಾರೆ. ನಮ್ಮದೇ ಮರ, ನಮ್ಮದೇ ಕಾಯಿ. ಆದರೆ ಬೇಯಿಸುವುದಿಲ್ಲ, ಒಣಗಿಸುವುದಿಲ್ಲ, ಎಲೆಯಲ್ಲಿ ಸುತ್ತುವುದೂ ಇಲ್ಲ. ಹಸಿ ಕಾಯಿಯ ಸಿಪ್ಪೆಯನ್ನು ಹಲ್ಲಲ್ಲೇ ಕಿತ್ತು ತಿರುಳನ್ನು ಅಗಿಯುತ್ತಾ, ಡಾಕಾ ಅನ್ನುವ ವೀಳ್ಯದ ಬಳ್ಳಿಯ ಉದ್ದನೆ ಕಾಯನ್ನು ಸುಣ್ಣದಲ್ಲಿ ಅದ್ದಿ ಅದ್ದಿ ಕಚ್ಚುತ್ತಾರೆ. ನಮ್ಮ ಆಫೀಸಿನ ಎದುರು ಒಬ್ಬ ಹೆಂಗಸು ದೊಡ್ಡ ಕೊಡೆಯ ಕೆಳಗೆ ಟೇಬಲ್ ಹಾಕಿ ಮಾರುತ್ತಾಳೆ. ಕಾಯಿ ಬಿಡಿಬಿಡಿಯಾಗಿ, ಪಕ್ಕದಲ್ಲಿ ಡಾಕಾ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುಣ್ಣ, ಬಿಡಿ ಸಿಗರೇಟು, ಮೊಬೈಲ್ ರೀಚಾರ್ಜ್ ಕಾರ್ಡು. ಮಗನ ಸ್ಕೂಲು, ಅಕ್ಕಿ, ಟಿನ್ ಮೀನು, ಬಸ್ಸಿನ ದುಡ್ಡು ಎಲ್ಲಾ ಆ ಟೇಬಲ್ ಮೇಲಿಂದಲೇ. ಅವಳಿಗೆ ಮುಂಚೆ ಮೂಟೆ ತಂದವನಿಗೆ ಒಂದಿಷ್ಟು, ಅವನಿಗೆ ಮುಂಚೆ ಗಾಡಿಯವನಿಗೆ ಒಂದಿಷ್ಟು, ಅದಕ್ಕೂ ಮುಂಚೆ ಹಳ್ಳಿಯಲ್ಲಿ ಮರ ಹತ್ತಿದವನಿಗೆ. ಕೊನೆಗಾರನಿಂದ ಮಂಡಿಯ ತನಕ ಎಷ್ಟು ಕೈ ದಾಟುತ್ತದೆ ಅಂತ ನಿನಗೆ ನಾನು ಹೇಳಬೇಕಾ?

ಕಾಫಿಯದ್ದೂ ಇದೇ ಕಥೆ. ಗೊರೋಕಾ, ಮೌಂಟ್ ಹಾಗೆನ್ ಕಡೆ ಗುಡ್ಡಗಾಡಿನಲ್ಲಿ ಲಕ್ಷಾಂತರ ಸಣ್ಣ ಕುಟುಂಬಗಳು ಮನೆ ಹಿಂದೆ ನಾಲ್ಕು ಗಿಡ ಬೆಳೆಸುತ್ತವೆ. ಗೆಣಸು, ಇಲ್ಲಿನವರು ಕೌಕೌ ಅನ್ನುತ್ತಾರೆ, ಅಲ್ಲಿ ಊಟವೇ ಅದು, ಮೂಟೆ ಮೂಟೆ ಬೆಳೆಯುತ್ತದೆ. ಆದರೆ ಇದಕ್ಕೆಲ್ಲಾ ರಸ್ತೆ ಬೇಕು ಮಾರಾಯ, ರಸ್ತೆಯೇ ಇಲ್ಲ. ನಂಬುತ್ತೀಯೋ ಇಲ್ಲವೋ, ರಾಜಧಾನಿಯಿಂದ ಎರಡನೇ ದೊಡ್ಡ ಊರಾದ ಲೇಗೆ ಕಾರಿನಲ್ಲಿ ಹೋಗುವ ಹಾಗಿಲ್ಲ. ವಿಮಾನ, ಇಲ್ಲ ಹಡಗು. ಹಾಗೆನ್‌ನ ಗೆಣಸು ಮೊರೆಸ್ಬಿಗೆ ಬರಬೇಕಾದರೆ ಹೈಲ್ಯಾಂಡ್ಸ್ ಹೆದ್ದಾರಿಯಲ್ಲಿ ಲಾರಿ ಹತ್ತಿ ಲೇಗೆ ಇಳಿದು, ಅಲ್ಲಿ ಹಡಗು ಕಾದು, ದ್ವೀಪದ ಬಾಲ ಸುತ್ತಿಕೊಂಡು ಬರಬೇಕು. ಬರುವಷ್ಟರಲ್ಲಿ ಮೂಟೆಯ ಒಂದು ಭಾಗ ಕೊಳೆತಿರುತ್ತದೆ, ಆ ಬಿಲ್ಲುಗಳು ನನ್ನ ಟೇಬಲ್ಲಿಗೇ ಬರುತ್ತವೆ. ಕಡೆಗೆ ಹೊರದೇಶದಿಂದ ಬಂದ ಆಲೂಗಡ್ಡೆಯೇ ಸುಲಭ ಅನಿಸಿಬಿಡುತ್ತದೆ. ಅದೇ ಬೆಟ್ಟದಿಂದ ಗ್ಯಾಸ್ ಮಾತ್ರ ಸಲೀಸಾಗಿ ಬರುತ್ತದೆ. ಅದು ತನ್ನ ದಾರಿಯನ್ನು ತಾನೇ ಕಟ್ಟಿಕೊಂಡಿದೆ, ಆ ದಾರಿಯಲ್ಲಿ ಬೇರೆ ಯಾರೂ ನಡೆಯುವ ಹಾಗಿಲ್ಲ.

ಇದರ ಮಧ್ಯೆ 2013ರಲ್ಲಿ ಮೊರೆಸ್ಬಿಯ ಗವರ್ನರ್ ಪೋವೆಸ್ ಪಾರ್ಕಾಪ್ ನಗರದಲ್ಲಿ ಬುವಾಯ್ ಮಾರಾಟವನ್ನೇ ನಿಷೇಧಿಸಿದರು. ಕಾರಣ ಸುಳ್ಳಲ್ಲ, ಬಾಯಿ ಕ್ಯಾನ್ಸರ್ ಇಲ್ಲಿ ವಿಪರೀತ, ಗೋಡೆ, ರಸ್ತೆ ಎಲ್ಲಾ ಕೆಂಪು ಉಗುಳು. ನಿನಗೆ ಕೋಪ ಬರಬಹುದು, ಆದರೂ ಹೇಳುತ್ತೇನೆ. ಆಗಿದ್ದೇನು? ಚೆಕ್‌ಪೋಸ್ಟ್ ಬಂತು, ಕದ್ದು ತರುವುದು ಶುರುವಾಯಿತು, ಬೆಲೆ ಏರಿತು, ಪೆಟ್ಟು ತಿಂದವರು ಟೇಬಲ್ ಹಾಕುವ ಹೆಂಗಸರು. ಕೆಲವು ವರ್ಷ ಕಳೆದು ಸಡಿಲಿಸಿದರು.

ಬೋಗನ್‌ವಿಲ್ ದ್ವೀಪದ ಮಾತು ಎತ್ತದೆ ಈ ದೇಶದ ಗಣಿ ಬಗ್ಗೆ ಬರೆಯಲಿಕ್ಕಾಗುವುದಿಲ್ಲ. ಪಂಗೂನಾ ತಾಮ್ರದ ಗಣಿ ಶುರುವಾದದ್ದು 1972ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಮೂರು ವರ್ಷ ಮೊದಲು. ಆಮೇಲೆ ರಫ್ತಿನ 100ಕ್ಕೆ 40ಕ್ಕೂ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. ರಾಯಲ್ಟಿ ಎಷ್ಟು ಗೊತ್ತಾ? 100ಕ್ಕೆ ಒಂದೂಕಾಲು. ಅದರಲ್ಲಿ ನೆಲದವರಿಗೆ 100ಕ್ಕೆ 5. ಅಂದರೆ ಹತ್ತು ಸಾವಿರ ಕೀನಾದ (ಕೀನಾ ಇಲ್ಲಿನ ದುಡ್ಡು) ಸರಕು ಹಡಗು ಹತ್ತಿದರೆ ನೆಲದವರಿಗೆ ಆರೂಕಾಲು ಕೀನಾ. ಅಲ್ಲಿ ಭೂಮಿ ಬರುವುದು ತಾಯಿಯ ಕಡೆಯಿಂದ, ಹೆಂಗಸರನ್ನು ಕೇಳಿದವರೇ ಇಲ್ಲ. 1969ರಲ್ಲೇ ರೊರೊವಾನಾ ಹಳ್ಳಿಯ ಹೆಂಗಸರು ಸರ್ವೆ ಗೂಟ ಕಿತ್ತು ಪೊಲೀಸರ ಲಾಠಿಗೆ ಎದುರು ನಿಂತಿದ್ದರು. ಗಣಿಯ ಹೂಳು ಜಾಬಾ ನದಿಯನ್ನು ತುಂಬಿತು. ಅದೇ ಗಣಿಯಲ್ಲಿ ಸರ್ವೇಯರ್ ಆಗಿದ್ದ ಫ್ರಾನ್ಸಿಸ್ ಓನಾ 1988ರಲ್ಲಿ ಬಂಡೆದ್ದ, ಅವನ ಕಡೆಯವರು ವಿದ್ಯುತ್ ಕಂಬಗಳನ್ನು ಉಡಾಯಿಸಿದರು, 1989ರಲ್ಲಿ ಗಣಿ ಮುಚ್ಚಿತು. ಸುಮಾರು ಹತ್ತು ವರ್ಷದ ಯುದ್ಧದಲ್ಲಿ ಸತ್ತವರು 20 ಸಾವಿರದ ತನಕ ಅನ್ನುತ್ತಾರೆ, ಎಷ್ಟೋ ಜನ ಗುಂಡಿಗಲ್ಲ, ಸರ್ಕಾರ ಹಾಕಿದ ದಿಗ್ಬಂಧನದಲ್ಲಿ ಔಷಧಿ ಸಿಗದೆ. 2019ರ ಜನಮತದಲ್ಲಿ 100ಕ್ಕೆ 98ರ ಹತ್ತಿರ ಜನ ನಮಗೆ ಬೇರೆ ದೇಶ ಬೇಕು ಅಂದರು.

2019ರಿಂದ ಪ್ರಧಾನಿಯಾಗಿರುವ ಜೇಮ್ಸ್ ಮರಾಪೆ ಗ್ಯಾಸ್ ಇರುವ ಹೇಲಾದವರೇ. ಪೊರ್ಗೆರಾ ಚಿನ್ನದ ಗಣಿಯ ಗುತ್ತಿಗೆಯನ್ನು 2020ರಲ್ಲಿ ಮುಂದುವರಿಸಲಿಲ್ಲ, ಕಡೆಗೆ 100ಕ್ಕೆ 51 ಪಾಲು ದೇಶದವರಿಗೆ ಅಂತ ಒಪ್ಪಂದ ಮಾಡಿಕೊಂಡ ಮೇಲೇ ಗಣಿ ಮತ್ತೆ ತೆರೆಯಿತು. ಒಳ್ಳೆಯದೇ. ನನಗೆ ಅದಕ್ಕಿಂತ ಆಸೆ ಇರುವುದು ಕನೆಕ್ಟ್ ಪಿಎನ್‌ಜಿ (ಪಿಎನ್‌ಜಿ ಅಂದರೆ ಪಪುವಾ ನ್ಯೂಗಿನಿ) ಅನ್ನುವ ರಸ್ತೆ ಯೋಜನೆಯ ಮೇಲೆ. ಮೊರೆಸ್ಬಿ–ಲೇ ಜೋಡಿಸುವುದೂ ಅದರಲ್ಲಿದೆ. 20 ವರ್ಷದ ಲೆಕ್ಕ, ಎಷ್ಟು ಆಗುತ್ತದೋ. ಈಗ ಫ್ರಾನ್ಸಿನ ಟೋಟಲ್ ಎನರ್ಜೀಸ್ ಕಂಪನಿಯವರ ಪಪುವಾ ಎಲ್‌ಎನ್‌ಜಿ (ಎಲ್‌ಎನ್‌ಜಿ ಅಂದರೆ ದ್ರವ ಮಾಡಿದ ಗ್ಯಾಸ್) ಅಂತ ಇನ್ನೊಂದು ಗ್ಯಾಸ್ ಯೋಜನೆಯ ಮಾತು ನಡೆದಿದೆ. ಜಿಡಿಪಿ ಇಷ್ಟು ಏರುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ, ಹಾಗೆನ್‌ನ ಗೆಣಸು ಲಾರಿಯಲ್ಲೇ ಮೊರೆಸ್ಬಿಗೆ ಯಾವಾಗ ಬರುತ್ತದೆ?

ಆಮೇಲೆ, ನಿನ್ನ ಭಾವನ ಮಗನ ಕೆಲಸದ ವಿಷಯ. ಬರಲಿ, ಬೇಡ ಅನ್ನಲ್ಲ, ಜನ ಒಳ್ಳೆಯವರು, ಮಾತಾಡಿಸುತ್ತಾರೆ. ಆದರೆ 2024ರ ಜನವರಿ 10ರಂದು ಏನಾಯಿತು ಅಂತ ಅವನಿಗೆ ತಿಳಿದಿರಲಿ. ಪೊಲೀಸರ ಸಂಬಳದಲ್ಲಿ ಕಡಿತವಾಯಿತು ಅಂತ ಅವರು ಕೆಲಸ ಬಿಟ್ಟರು, ಸಂಜೆಯೊಳಗೆ ಅಂಗಡಿಗಳು ಲೂಟಿಯಾಗಿ ಸುಟ್ಟುಹೋದವು, 20ಕ್ಕೂ ಹೆಚ್ಚು ಜನ ಸತ್ತರು. ಕಂಪ್ಯೂಟರ್ ತಪ್ಪು ಅಂತ ಸರ್ಕಾರ ಹೇಳಿತು. ಇಲ್ಲಿ ನಮ್ಮಂಥವರು ಇರುವುದು ಮುಳ್ಳುತಂತಿಯ ಒಳಗೆ, ಗೇಟಲ್ಲಿ ಗಾರ್ಡು. ಗ್ಯಾಸ್ ಪ್ಲಾಂಟ್ ಕಟ್ಟುವ ಕಾಲದಲ್ಲಿ ಏರಿದ ಬಾಡಿಗೆಯನ್ನು ಕೇಳಿದರೆ ಬೆಂಗಳೂರೇ ವಾಸಿ ಅನಿಸುತ್ತದೆ. ಸಂಬಳದ ಅಂಕಿ ನೋಡಿ ಹೂಂ ಅನ್ನುವ ಮುಂಚೆ ಮನೆ, ಓಡಾಟದ ಗಾಡಿ, ವರ್ಷಕ್ಕೊಮ್ಮೆ ಊರಿಗೆ ಟಿಕೆಟು, ಮೂರನ್ನೂ ಕಂಪನಿಯೇ ಕೊಡುತ್ತದಾ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಲಿ. ಆಫರ್ ಲೆಟರ್ ಬಂದರೆ ನನಗೆ ಕಳಿಸು, ಓದಿ ಹೇಳುತ್ತೇನೆ.

ಇಂತಿ ನಿನ್ನ,
ರಘು