ಪಕ್ಕದ ಮನೆಯ ಸಿಗರೇಟು ಹೊಗೆಗೂ ಒಂದು ನಿಯಮವಿರಲಿ

ಮಾನ್ಯ ಸಂಪಾದಕರೇ,

ತಂಬಾಕು ನಿಯಂತ್ರಣ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆತು, ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡಿದವರಿಗೆ ವಿಧಿಸುವ ದಂಡದ ಮಿತಿ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ಇದು ಸ್ವಾಗತಾರ್ಹ ಕ್ರಮ. ಆದರೆ ಬೆಂಗಳೂರಿನಂಥ ನಗರದಲ್ಲಿ ಅಪಾರ್ಟ್‌ಮೆಂಟುಗಳಲ್ಲಿ ಬದುಕುವ ನಮ್ಮಂಥವರು ಹೆಚ್ಚಾಗಿ ಹೊಗೆ ಕುಡಿಯುತ್ತಿರುವುದು ಬಸ್ ನಿಲ್ದಾಣದಲ್ಲಿ ಅಲ್ಲ, ನಮ್ಮದೇ ಮಲಗುವ ಕೋಣೆಯಲ್ಲಿ. ಕೆಳಗಿನ ಅಥವಾ ಪಕ್ಕದ ಮನೆಯವರು ತಮ್ಮ ಬಚ್ಚಲುಮನೆಯಲ್ಲೋ ಬಾಲ್ಕನಿಯಲ್ಲೋ ಸೇದಿದ ಸಿಗರೇಟಿನ ಹೊಗೆ ನಮ್ಮ ಮನೆಗೆ ಬಂದರೆ ಯಾರಿಗೆ ದೂರು ಕೊಡಬೇಕೆಂಬುದೇ ನಮಗೆ ತಿಳಿಯದು.

ಹೊಗೆ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಇದನ್ನು ಕಿಟಕಿ ಮುಚ್ಚಿದರೆ ಮುಗಿಯುವ ವಿಷಯವೆಂದು ಭಾವಿಸಿದ್ದಾರೆ. ನಮ್ಮ ಬಹುತೇಕ ಕಟ್ಟಡಗಳಲ್ಲಿ ಒಂದರ ಮೇಲೊಂದಿರುವ ಬಚ್ಚಲುಮನೆಗಳ ಗವಾಕ್ಷಿಗಳೆಲ್ಲ ಒಂದೇ ಡಕ್ಟಿಗೆ, ಅಂದರೆ ಮೇಲಿನಿಂದ ಕೆಳಗಿನವರೆಗೆ ಬಿಟ್ಟ ಕಿರಿದಾದ ಸಂದಿಗೆ, ತೆರೆದುಕೊಂಡಿರುತ್ತವೆ. ನೀರಿನ ಕೊಳವೆಗಳು ಇಳಿಯುವುದೂ ಅಲ್ಲಿಯೇ, ಎಕ್ಸಾಸ್ಟ್ ಫ್ಯಾನುಗಳು ಗಾಳಿ ಬಿಡುವುದೂ ಅಲ್ಲಿಗೇ. ಕೆಳಗೆ ಯಾರೋ ಬಿಟ್ಟ ಹೊಗೆ ಆ ಕಿರಿದಾದ ಸಂದಿಯಲ್ಲಿ ಮೇಲೇರುತ್ತ ಗಾಜಿನ ಪಟ್ಟಿಗಳ ನಡುವಿನಿಂದಲೂ, ಕೊಳವೆಯ ಸುತ್ತ ಸಿಮೆಂಟು ತುಂಬದೆ ಬಿಟ್ಟ ಬಿರುಕುಗಳಿಂದಲೂ ಒಳನುಗ್ಗುತ್ತದೆ. ವಾಸನೆ ತಡೆಯಲಾರದೆ ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆಮನೆಯ ಚಿಮಣಿ ಹಾಕಿದರಂತೂ ಅದು ಹೊರಹಾಕುವ ಗಾಳಿಯ ಜಾಗ ತುಂಬಲು ಡಕ್ಟಿನ ಗಾಳಿಯೇ ಮನೆಯೊಳಕ್ಕೆ ನುಗ್ಗುತ್ತದೆ.

ಬಿರುಕುಗಳಿಗೆ ಸಿಲಿಕೋನ್ ತುಂಬಿಸುವುದು, ಗಾಳಿ ಹಿಂದಕ್ಕೆ ಬರದಂತೆ ಮುಚ್ಚಿಕೊಳ್ಳುವ ರೆಕ್ಕೆಗಳಿರುವ ಎಕ್ಸಾಸ್ಟ್ ಫ್ಯಾನು ಹಾಕಿಸುವುದು, ಚಿಮಣಿ ಹಾಕಿದಾಗ ಡಕ್ಟಿನ ಕಡೆಯದಲ್ಲದ ಕಿಟಕಿಯೊಂದನ್ನು ತೆರೆದಿಡುವುದು, ಇವುಗಳಿಂದ ಒಂದಿಷ್ಟು ಅನುಕೂಲವಾಗುತ್ತದೆ. ಊದುಬತ್ತಿ ಹಚ್ಚುವುದರಿಂದ ಮಾತ್ರ ಹೊಗೆಗೆ ಇನ್ನಷ್ಟು ಹೊಗೆ ಸೇರುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಅಮೆರಿಕ ಸರ್ಕಾರದ ಉನ್ನತ ಸಾರ್ವಜನಿಕ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2006ರ ವರದಿಯು ಪರೋಕ್ಷ ಧೂಮಪಾನದಲ್ಲಿ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದೂ, ಗಾಳಿ ಶುದ್ಧೀಕರಿಸುವುದರಿಂದಾಗಲಿ ಹೆಚ್ಚು ಗಾಳಿ ಆಡುವಂತೆ ಮಾಡುವುದರಿಂದಾಗಲಿ ಕಟ್ಟಡದೊಳಗೆ ಹೊಗೆ ತಗಲುವುದನ್ನು ಪೂರ್ತಿ ತಪ್ಪಿಸಲಾಗದೆಂದೂ ಸ್ಪಷ್ಟವಾಗಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬೇರೆಯವರ ಹೊಗೆಯಿಂದಾಗಿ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದಾರೆ. ಉಬ್ಬಸವಿರುವ ಹಿರಿಯರು, ತೊಟ್ಟಿಲ ಮಗು, ಗರ್ಭಿಣಿ ಇರುವ ಮನೆಯವರಿಗೆ ಇದು ಬರೀ ವಾಸನೆಯ ತಕರಾರಲ್ಲ.

ನೆರೆಯವರೊಡನೆ ನೇರವಾಗಿ ಮಾತನಾಡಬೇಕೆಂಬ ಸಲಹೆ ಸರಿಯಾದುದೇ. ನಾವೂ ಮೊದಲು ಅದನ್ನೇ ಮಾಡಿದೆವು. ಅವರು ಸಭ್ಯವಾಗಿಯೇ ಕೇಳಿಸಿಕೊಂಡು, ‘ನನ್ನ ಮನೆಯಲ್ಲಿ ನಾನು ಸೇದುವುದನ್ನು ನೀವು ಬೇಡವೆನ್ನುವುದು ಹೇಗೆ?’ ಎಂದು ಕೇಳಿದರು. ಅವರ ಮನೆಯಲ್ಲಿ ಅವರು ಏನು ಮಾಡಬೇಕೆಂದು ಹೇಳುವ ಇಚ್ಛೆ ನಮಗೂ ಇಲ್ಲ. ಅವರ ಹೊಗೆ ಅವರ ಮನೆಯಲ್ಲೇ ಉಳಿಯುವುದಾಗಿದ್ದರೆ ಈ ಪತ್ರವನ್ನು ಬರೆಯುವ ಅಗತ್ಯವೇ ಇರಲಿಲ್ಲ. ಇದು ಇಬ್ಬರು ನೆರೆಯವರ ನಡುವಿನ ಮನಸ್ತಾಪವೆಂದು ನಮ್ಮ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಪದಾಧಿಕಾರಿಗಳು ಕೈತೊಳೆದುಕೊಂಡಾಗ ಮಾತ್ರ ನಿಜಕ್ಕೂ ಬೇಸರವಾಯಿತು. ಮೇಲಿನ ಬಚ್ಚಲಿನ ನೀರು ಕೆಳಗಿನ ಮನೆಯ ಛಾವಣಿಗೆ ಸೋರಿದರೆ ಪ್ಲಂಬರನ್ನು ಕರೆಸಿ, ಇಬ್ಬರನ್ನೂ ಕೂರಿಸಿ ಇತ್ಯರ್ಥ ಮಾಡುವ ಸಂಘ, ಕೆಳಗಿನ ಹೊಗೆ ಮೇಲಕ್ಕೆ ಸೋರಿದಾಗ ಏಕೆ ಸುಮ್ಮನಿರಬೇಕು?

2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ ಮತ್ತು 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ಅದರ ನಿಯಮಗಳು ಸಾರ್ವಜನಿಕರು ಬಂದುಹೋಗುವ ಜಾಗಗಳನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡವು. ಖಾಸಗಿ ಮನೆಯ ಬಾಗಿಲ ಬಳಿ ಅವುಗಳ ಅಧಿಕಾರ ನಿಲ್ಲುತ್ತದೆ. ನಮ್ಮ ರಾಜ್ಯದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೂ 1972ರದ್ದು. ಇತರ ದೇಶಗಳಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಉದಾಹರಣೆಗಳಿವೆ. ಅಮೆರಿಕದ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2018ರ ಜುಲೈ ಅಂತ್ಯದಿಂದ ಮನೆಯೊಳಗೂ, ಕಟ್ಟಡದಿಂದ 25 ಅಡಿಯ ಒಳಗೂ ಸಿಗರೇಟು ಸೇದುವಂತಿಲ್ಲ. ಅಷ್ಟು ಕಠಿಣವಾದ ನಿಯಮ ಇಲ್ಲಿ ಒಮ್ಮೆಗೇ ಬರಲೆಂದು ನಾನು ಕೇಳುತ್ತಿಲ್ಲ.

ಸಂಘಗಳು ತಮ್ಮ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದಿ, ಡಕ್ಟಿಗೆ ತೆರೆದುಕೊಳ್ಳುವ ಬಚ್ಚಲುಮನೆ, ಮೆಟ್ಟಿಲು, ಲಿಫ್ಟ್, ಕಾರಿಡಾರು ಮತ್ತು ಇನ್ನೊಬ್ಬರ ಕಿಟಕಿಗೆ ತಾಗಿದ ಬಾಲ್ಕನಿಗಳಲ್ಲಿ ಸೇದಬಾರದೆಂಬ ನಿಯಮವನ್ನು ಸೇರಿಸಲಿ. ಸೇದುವವರಿಗೆ ಯಾರ ಕಿಟಕಿಯೂ ಹತ್ತಿರವಿಲ್ಲದ ಬಯಲು ಜಾಗವೊಂದನ್ನು ಗುರುತಿಸಿಕೊಡಲಿ. ಅವರನ್ನು ಅಪರಾಧಿಗಳಂತೆ ಕಾಣುವುದು ಬೇಡ, ಬಿಡಬೇಕೆಂದಿರುವವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಹಾಕಲಿ. ಸರ್ಕಾರವು ಸಂಘಗಳಿಗಾಗಿ ಇಂಥ ಮಾದರಿ ನಿಯಮವೊಂದನ್ನು ಹೊರಡಿಸುವುದರ ಜೊತೆಗೆ, ಹೊಸ ಕಟ್ಟಡಗಳ ನಕ್ಷೆಗೆ ಮಂಜೂರಾತಿ ನೀಡುವಾಗ ಒಂದು ಮನೆಯ ಗಾಳಿ ಇನ್ನೊಂದು ಮನೆಗೆ ಹೋಗದಂತೆ ಡಕ್ಟನ್ನು ವಿನ್ಯಾಸಗೊಳಿಸಲಾಗಿದೆಯೇ ಎಂಬುದನ್ನು ಪರಿಶೀಲಿಸುವಂತೆ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಬೇಕೆಂದು ಕೋರುತ್ತೇನೆ.

– ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು